ಕತ್ತೆಹೊಟ್ಟೆಯ ಬಣ್ಣ

ರಾತ್ರಿ ಏಳಕ್ಕೆ ಕ್ಲಾಸು, ಗಮಾರಾ ಬೀದಿಯ ಆರನೆಯ ಮಹಡಿಯಲ್ಲಿ.
ಕೆಳಗಿನ ಐದೂ ಮಹಡಿಗಳಲ್ಲಿ ಇನ್ನೂ ಹೊಲಿಯುತ್ತಿರುತ್ತಾರೆ;
ಬೆಂಚಿನ ಮೇಲಿಟ್ಟ ಪೆನ್ಸಿಲ್ಲು
ಸಣ್ಣಗೆ ನಡುಗುತ್ತ ಅಂಚಿಗೆ ಬರುತ್ತದೆ.
ಬೀಳುವ ಮೊದಲು ಅದನ್ನು ಹಿಡಿದು ಒಫೇಲಿಯಾ ಮೇಡಂ ಕೇಳುತ್ತಾರೆ:
"ಇನ್ನೆರಡು ವರ್ಷಕ್ಕೆ ಜನ ಯಾವ ಬಣ್ಣ ತೊಡುತ್ತಾರೆ?"

ಹನ್ನೊಂದು ಮಂದಿ ನಾವು.
ಹಗಲು ಓವರ್‌ಲಾಕ್, ರಾತ್ರಿ ಕಣಿ.

ಉತ್ತರದ ದೇಶಗಳಿಂದ ಬಂದ ದಪ್ಪ ಪುಸ್ತಕ, ಒಂದೇ ಪ್ರತಿ,
ಕೈಯಿಂದ ಕೈಗೆ ಸುತ್ತುತ್ತದೆ.
ಪುಟಕ್ಕಂಟಿಸಿದ ಉಣ್ಣೆಯ ಚೂರು, ದಾರದ ಕುಚ್ಚು,
ಹೆಸರುಗಳು: ತೊಯ್ದ ಇಟ್ಟಿಗೆ, ಹಳೆಯ ಬೆಣ್ಣೆ, ಮುಂಜಾವಿನ ಪಾಚಿ.
ಅದರಲ್ಲಿ ಚಳಿಗಾಲ ಎಂದಿದ್ದ ಕಡೆ ನಮಗೆ ಸೆಕೆ,
ಅವರ ಬೇಸಿಗೆಗೆ ನಮ್ಮ ಮೂಗು ಸೋರುತ್ತದೆ.
ಭವಿಷ್ಯವನ್ನೂ ಒಳಮೈ ಹೊರಗೆ ಮಾಡಿಯೇ
ತೊಡಬೇಕು ಈ ಸಮುದ್ರದ ದಂಡೆಯವರು.

ಸಿಲ್ವೇರಿಯೊ, ಜೇಬು ಬಿಟ್ಟು ಬೇರೇನೂ ಹೊಲಿದವನಲ್ಲ,
ಕೈಯೆತ್ತಿ ಹೇಳಿದ:
"ಮಾಲೀಕ ಯಾವುದನ್ನು ಅಗ್ಗಕ್ಕೆ ಕೊಂಡಿದ್ದಾನೋ, ಆ ಬಣ್ಣ."
ಎಲ್ಲರೂ ನಕ್ಕೆವು. ಮೇಡಂ ನಗಲಿಲ್ಲ,
ಬೋರ್ಡಿನ ಮೇಲೆ ಬರೆದುಕೊಂಡರು.

ಬುಧವಾರ ಅಳತೆಯ ಹಾಳೆ.
ಎದೆ, ಸೊಂಟ, ತೋಳಿನ ಬಾಯಿ, ಹೆಗಲ ಇಳಿಜಾರು.
ಅರ್ಧ ಸೆಂಟಿಮೀಟರು ಆಚೀಚೆಯಾದರೆ ಕ್ಷಮೆಯುಂಟು,
ಆಮೇಲೆ ಇಲ್ಲ.
ತರಗತಿಯ ಗೊಂಬೆಗೆ ತಲೆಯಿಲ್ಲ, ಕೈಯಿಲ್ಲ, ಹೊಟ್ಟೆಯೂ ಇಲ್ಲ;
ಅದರ ಎತ್ತರದ್ದು ನಮ್ಮ ಓಣಿಯಲ್ಲಿ ಒಂದೇ, ದೀಪದ ಕಂಬ.
ಮೂರು ಸಲ ಒಗೆದು ಅಳೆದೆ ನನ್ನ ಮೊದಲ ಸ್ಯಾಂಪಲ್ಲು:
ಉದ್ದದಲ್ಲಿ ಶೇಕಡ ಏಳು ಕುಗ್ಗಿತ್ತು.
ಬೆಟ್ಟ ಇಳಿದು ಈ ಊರಿಗೆ ಬಂದ ಮೇಲೆ
ಅಮ್ಮನೂ ಹೆಚ್ಚುಕಡಿಮೆ ಅಷ್ಟೇ ಕುಗ್ಗಿದ್ದಾಳೆ.
ಅದನ್ನು ಯಾವ ಕಾಲಮ್ಮಿನಲ್ಲಿ ತುಂಬುವುದೋ ತಿಳಿಯದೆ
ನೀರಿನ ಬಿಸಿ ನಲವತ್ತು ಡಿಗ್ರಿ ಎಂದಷ್ಟೇ ಬರೆದೆ.

ಕೊನೆಯ ಹೋಮ್‌ವರ್ಕು: ನಿಮ್ಮ ಕಣಿ ನೀವೇ ಹೇಳಿ.
ಮಿಕ್ಕವರು ಫೋನಿನಲ್ಲಿ ಚಿತ್ರ ಹುಡುಕಿದರು.
ನಾನು ಬೆಳಗಿನ ಐದಕ್ಕೆ, ಉಳಿದ ಥಾನು
ತೂಕಕ್ಕೆ ಮಾರುವ ಸಂದಿಗೆ ಹೋದೆ.
ಗೋಣಿಗಳ ಮೇಲೆ ದೋನ್ಯಾ ಎದೆಲ್ಮಿರಾ, ಪಕ್ಕದಲ್ಲಿ ತಕ್ಕಡಿ.
"ಇದು ಹೋದ ವರ್ಷ ಎಲ್ಲರೂ ತೊಡುತ್ತಾರೆ ಎಂದಿದ್ದ ನೇರಳೆ.
ಇದು ಅದರ ಹಿಂದಿನ ವರ್ಷ ತೊಡಲೇಬೇಕಾಗಿದ್ದ ಹಸಿರು.
ಕಿಲೋಗೆ ಎಂಟು ಸೋಲು. ಎರಡು ಕಿಲೋ ಆದರೆ ಹದಿನೈದು."
ತಪ್ಪಿದ ಭವಿಷ್ಯಗಳ ಮೇಲೆ ಕಾಲು ಚಾಚಿ ಕೂತು
ಬಿಸಿ ಕ್ವಿನೋವಾ ಗಂಜಿ ಊದಿ ಊದಿ ಕುಡಿಯುತ್ತಿದ್ದಳು.

"ಹಾಗಾದರೆ ನಿನ್ನ ಹತ್ತಿರ ಉಳಿಯದ್ದು ಯಾವುದು?"
ತುಟಿ ಚಾಚಿ ಮೇಲೆ ತೋರಿಸಿದಳು.

ಜುಲೈ. ಲೀಮಾದ ಆಕಾಶ.
ಆರು ವಾರದಿಂದ ಸೂರ್ಯನಿರುವುದು
ನಾಣ್ಯದ ಹೆಸರಿನಲ್ಲಿ ಮಾತ್ರ.
ಕತ್ತೆಹೊಟ್ಟೆ ಎನ್ನುತ್ತೇವೆ ಅದಕ್ಕೆ,
ಬಿಳಿಯೂ ಅಲ್ಲ, ಬೂದಿಯೂ ಅಲ್ಲ,
ಸುರಿಯದ, ತೊಲಗಲೂ ಒಲ್ಲದ ಬಣ್ಣ.
"ಧೂಳು ಕಾಣದು. ಬಸ್ಸಿನಲ್ಲಿ ಒರಗಿದರೆ ಮಸಿ ಕಾಣದು.
ಕೆಲಸಕ್ಕೂ ಆಯ್ತು, ಸಾವಿನ ಮನೆಗೂ ಆಯ್ತು.
ಬಂದ ದಿನವೇ ಖಾಲಿ, ಹುಡುಗಿ."

ಚಾರ್ಟಿನಲ್ಲಿ ಒಂದು ಚೌಕ ಖಾಲಿ ಬಿಟ್ಟು
ಕೆಳಗೆ ಬರೆದೆ: ಕತ್ತೆಹೊಟ್ಟೆ.
"ಬಟ್ಟೆಯ ಚೂರೆಲ್ಲಿ, ನೇಲಿದಾ?"
"ಮಾರಿಹೋಗಿದೆ, ಮೇಡಂ."
ಬಹಳ ಹೊತ್ತು ನೋಡಿದರು. ಇಪ್ಪತ್ತಕ್ಕೆ ಹದಿನಾಲ್ಕು ಕೊಟ್ಟರು.
ಅಂಚಿನಲ್ಲಿ ಕೆಂಪು ಶಾಯಿ:
ಒಳಪಟ್ಟಿಯ ಬಣ್ಣ ಸೂಚಿಸಿಲ್ಲ.

ಮರುದಿನ ಮತ್ತೆ ಐದಕ್ಕೆ ಹೋದೆ.
ಕಾಲರಿನ ಅಡಿಗೆ, ತೋಳಿನ ಮಡಿಕೆಯ ಒಳಗೆ,
ತೊಟ್ಟವಳಿಗೆ ಮಾತ್ರ ಕಾಣುವಂತೆ, ಆ ನೇರಳೆ.
ಮೊದಲನೆಯದು ಅಮ್ಮನ ಅಳತೆಗೆ, ಕುಗ್ಗಿದ್ದನ್ನೂ ಲೆಕ್ಕ ಹಿಡಿದು.
ಅರ್ಧ ಕಿಲೋ ಸಾಕೆಂದೆ. ಮೂರಕ್ಕೆ ಕೊಡು ಎಂದೆ.
ಮುದುಕಿ ಜಗ್ಗಲಿಲ್ಲ.
ನಾಲ್ಕು ಸೋಲು ಎಣಿಸಿ ಕೊಟ್ಟು ಬಂದೆ.